ಕಾಲೇಜಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ ಎಂಥ ತರಬೇತಿ ಬಳಗ ಬೇಕು?

ಪ್ರಶ್ನೆ: ವಿಜಯಪುರ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಮಹಿಳಾ ಪದವಿ ಕಾಲೇಜಿನ ಆಡಳಿತ ಮಂಡಳಿಯಲ್ಲಿ ನಾನು ಸದಸ್ಯೆ. ನಮ್ಮಲ್ಲಿ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಕಣವಿದೆ, ಹದಿನಾಲ್ಕು ಹುಡುಗಿಯರ ತಂಡವಿದೆ. ತರಬೇತಿ ಕೊಡುವವರು ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು, ಅಲ್ಲಿನ ಕಾಲೇಜು ತಂಡಗಳಂತೆ ಇಲ್ಲಿಯೂ ಪೂರ್ಣ ತರಬೇತಿ ಬಳಗ ಇರಲೆಂದು ಎರಡು ವರ್ಷಗಳ ಗೌರವಧನ ಕೊಡಲು ಮುಂದೆ ಬಂದಿದ್ದಾರೆ. ಆ ಹಣದಲ್ಲಿ ಇಬ್ಬರನ್ನು ಅರೆಕಾಲಿಕವಾಗಿ ನೇಮಿಸಬಹುದು. ಯಾರನ್ನು ನೇಮಿಸಬೇಕು? ಮುಖ್ಯ ಕೋಚ್ ಮಹಿಳೆಯೇ ಆಗಿರಬೇಕೆ? ಹೊರ ಊರಿನಲ್ಲಿ ರಾತ್ರಿ ಉಳಿಯಬೇಕಾದ ಪಂದ್ಯಗಳಿಗೆ ಮಕ್ಕಳನ್ನು ಕಳಿಸಲು ಪಾಲಕರು ಹಿಂಜರಿಯುತ್ತಾರೆ. ಅವರಿಗೆ ಏನು ಹೇಳಬೇಕು?

ಉತ್ತರ: ಮಾನ್ಯರೆ, ನಿಮ್ಮ ಮೂರೂ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆಟವನ್ನು ಚೆನ್ನಾಗಿ ಬಲ್ಲ ಒಬ್ಬ ಮುಖ್ಯ ಕೋಚ್ ಮತ್ತು ಆಟವನ್ನು ಅಷ್ಟೇ ಬಲ್ಲ ಒಬ್ಬ ಮಹಿಳಾ ಸಹಾಯಕ ಕೋಚ್, ಈ ಇಬ್ಬರನ್ನು ನೇಮಿಸಿ. ಅದರಲ್ಲಿಯೂ ಎರಡನೆಯ ನೇಮಕಕ್ಕೆ ಹೆಚ್ಚು ಗಮನ ಕೊಡಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಉತ್ತರ ಕರ್ನಾಟಕದ ಕಾಲೇಜು ತಂಡಗಳನ್ನು ಹತ್ತಿರದಿಂದ ನೋಡಿದವರಿಗೆಲ್ಲ ಗೊತ್ತಿರುವಂತೆ, ಹುಡುಗಿಯರ ತಂಡ ಸೋಲುವುದಕ್ಕೂ, ಒಳ್ಳೆಯ ಆಟಗಾರ್ತಿ ಎರಡನೆಯ ವರ್ಷಕ್ಕೆ ಆಟ ಬಿಡುವುದಕ್ಕೂ, ಪಾಲಕರು ಹಿಂದೇಟು ಹಾಕುವುದಕ್ಕೂ ಬಹಳಷ್ಟು ಸಲ ಕಾರಣ ಒಂದೇ ಆಗಿರುತ್ತದೆ: ಅಂಕಣದಲ್ಲಿ ಅಧಿಕಾರವಿರುವ ಮಹಿಳೆ ತಂಡದ ಜೊತೆ ಇರುವುದಿಲ್ಲ.

ಮೊದಲು ನಿಮ್ಮ ಹಳೆಯ ವಿದ್ಯಾರ್ಥಿನಿಯ ಆಸೆಯನ್ನು ನೋಡೋಣ. ಅಮೆರಿಕದ ಕಾಲೇಜು ಕ್ರೀಡೆಯ ಅತ್ಯುನ್ನತ ವಿಭಾಗದ ಮಹಿಳಾ ತಂಡಗಳಲ್ಲಿ 2023ರ ಜುಲೈಯಿಂದ ಮುಖ್ಯ ಕೋಚ್ ಜೊತೆಗೆ ಐವರು ಸಹಾಯಕ ಕೋಚ್‌ಗಳಿಗೆ ಅವಕಾಶವಿದೆ. ಇವರಲ್ಲದೆ ದೈಹಿಕ ಸಾಮರ್ಥ್ಯದ ತರಬೇತುದಾರರು, ಗಾಯಗಳ ಆರೈಕೆ ನೋಡುವವರು, ಪಂದ್ಯಗಳ ವಿಡಿಯೊ ಸಿದ್ಧಪಡಿಸುವವರು, ಪ್ರಯಾಣ ಮತ್ತು ವಸತಿಯ ವ್ಯವಸ್ಥೆ ಮಾಡುವವರು, ಓದಿನ ಸಲಹೆಗಾರರು ಎಂದು ದೊಡ್ಡ ಬಳಗವೇ ಇರುತ್ತದೆ. ಆದರೆ ಆ ವ್ಯವಸ್ಥೆ ಒಂದೇ ದಿನದಲ್ಲಿ ಬೆಳೆದದ್ದಲ್ಲ. ಪ್ಯಾಟ್ ಸಮಿಟ್ 1974ರಲ್ಲಿ ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ತಂಡದ ಹೊಣೆ ಹೊತ್ತಾಗ ಅವರಿಗೆ ಇಪ್ಪತ್ತೆರಡು ವರ್ಷ. ತಂಡದ ವ್ಯಾನನ್ನು ಅವರೇ ಓಡಿಸುತ್ತಿದ್ದರು, ಆಟಗಾರ್ತಿಯರ ಉಡುಪುಗಳನ್ನು ಅವರೇ ಒಗೆಯುತ್ತಿದ್ದರು. 2012ರಲ್ಲಿ ನಿವೃತ್ತರಾಗುವ ಹೊತ್ತಿಗೆ 1,098 ಗೆಲುವುಗಳೂ ಎಂಟು ರಾಷ್ಟ್ರೀಯ ಪ್ರಶಸ್ತಿಗಳೂ ಅವರ ಹೆಸರಿನಲ್ಲಿದ್ದವು. ಅವರ ಸ್ಥಾನಕ್ಕೆ ಬಂದ ಹೋಲಿ ವಾರ್ಲಿಕ್ ಮೊದಲು ಅವರ ತಂಡದ ಆಟಗಾರ್ತಿ, ನಂತರ 1985ರಿಂದ ಅವರ ಸಹಾಯಕ ಕೋಚ್ ಆಗಿದ್ದವರು. ಅಮೆರಿಕದಿಂದ ನಾವು ತರಬಹುದಾದದ್ದು ಹುದ್ದೆಗಳ ಸಂಖ್ಯೆಯನ್ನಲ್ಲ. ಆಟಗಾರ್ತಿಯನ್ನು ಸಹಾಯಕ ಕೋಚ್ ಆಗಿಯೂ ಸಹಾಯಕಿಯನ್ನು ಮುಖ್ಯ ಕೋಚ್ ಆಗಿಯೂ ಬೆಳೆಸುವ ಈ ಪರಂಪರೆಯನ್ನು.

ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರ ವಿಷಯದಲ್ಲಿ ನ್ಯಾಯವಾಗಿ ಯೋಚಿಸಿ. ಅವರು ಕಬಡ್ಡಿ, ಕೊಕ್ಕೊ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲವನ್ನೂ ನೋಡಬೇಕು. ಪ್ರವೇಶ ಪತ್ರ, ಅರ್ಹತಾ ಪತ್ರ, ಕ್ರೀಡಾ ಸಾಮಗ್ರಿಯ ಲೆಕ್ಕವನ್ನೂ ಇಡಬೇಕು. ಎಂ.ಪಿ.ಎಡ್. ಪದವಿ ವ್ಯಾಯಾಮ ಶಿಕ್ಷಣದ ಅಡಿಪಾಯವನ್ನು ಕೊಡುತ್ತದೆಯೇ ಹೊರತು ಬಾಸ್ಕೆಟ್‌ಬಾಲಿನಲ್ಲಿ ಎದುರಾಳಿಗಳು ಅಂಕಣದ ಭಾಗಗಳನ್ನು ಹಂಚಿಕೊಂಡು ಕಾಯುವ ಜೋನ್ ರಕ್ಷಣೆಯನ್ನು ಒಡೆಯುವುದು ಹೇಗೆಂಬ ವಿಶೇಷ ಜ್ಞಾನವನ್ನು ಕೊಡಲೇಬೇಕೆಂದಿಲ್ಲ. ಅವರನ್ನು ಬದಿಗೆ ಸರಿಸಬೇಡಿ. ಆಡಳಿತದ ಹೊಣೆ, ವಿಶ್ವವಿದ್ಯಾಲಯದೊಡನೆ ವ್ಯವಹಾರ, ಕ್ರೀಡಾ ನಿಧಿಯ ಖರ್ಚು ಅವರ ಕೈಯಲ್ಲಿಯೇ ಇರಲಿ, ಅಂಕಣದ ಹೊಣೆ ಕೋಚ್‌ಗಳದಾಗಲಿ. ಈ ಗೆರೆಯನ್ನು ಮೊದಲ ದಿನವೇ ಲಿಖಿತವಾಗಿ ಎಳೆಯದಿದ್ದರೆ, ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು ಎಂಬ ಪ್ರಶ್ನೆ ಬಂದಾಗ ಮೂವರೂ ಮೂರು ಮಾತು ಹೇಳುತ್ತಾರೆ. ಅದರ ಪರಿಣಾಮವನ್ನು ಹುಡುಗಿಯರು ಅನುಭವಿಸುತ್ತಾರೆ.

ಈಗ ಎರಡನೆಯ ನೇಮಕದ ವಿಷಯ. ಹುಡುಗಿಯರ ತಂಡ ಪಂದ್ಯಕ್ಕೆ ಹೊರಟಾಗ ಮಹಿಳೆಯೊಬ್ಬರು ಜೊತೆಗೆ ಹೋಗಬೇಕೆಂಬ ರೂಢಿಯನ್ನು ನಮ್ಮ ಕಾಲೇಜುಗಳು ಪಾಲಿಸುತ್ತವೆ. ಆದರೆ ಬಹಳ ಕಡೆ ಆ ಕೆಲಸಕ್ಕೆ ಅರ್ಥಶಾಸ್ತ್ರದ ಅಥವಾ ಗೃಹವಿಜ್ಞಾನದ ಉಪನ್ಯಾಸಕಿಯೊಬ್ಬರನ್ನು ‘ಲೇಡಿ ಮ್ಯಾನೇಜರ್’ ಎಂದು ಕಳಿಸಲಾಗುತ್ತದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಹೋಗುತ್ತಾರೆ, ಕೋಣೆ ನೋಡಿಕೊಳ್ಳುತ್ತಾರೆ, ಊಟಕ್ಕೆ ಕರೆಯುತ್ತಾರೆ, ಪಂದ್ಯ ನಡೆಯುವಾಗ ಗ್ಯಾಲರಿಯಲ್ಲಿ ಕೂರುತ್ತಾರೆ. ಮೊಣಕಾಲು ನೋಯುತ್ತಿರುವ ಹುಡುಗಿ ಅವರಿಗೆ ಅದನ್ನು ಹೇಳಿದರೂ ಅವಳನ್ನು ಆಟದಿಂದ ಹೊರಗೆ ಕರೆಯುವ ಅಧಿಕಾರ ಅವರಿಗಿಲ್ಲ. ಅಧಿಕಾರವಿರುವ ಕೋಚ್ ಪುರುಷರಾಗಿದ್ದು, ಮುಟ್ಟಿನ ಹೊಟ್ಟೆನೋವಿನ ಬಗ್ಗೆ ಅವರಿಗೆ ಹೇಳಲು ಅವಳಿಗೆ ಬಾಯಿ ಬರುವುದಿಲ್ಲ. ಹೀಗೆ ವಿಷಯ ಗೊತ್ತಿರುವವರು ಒಬ್ಬರು, ನಿರ್ಧಾರ ಮಾಡುವವರು ಇನ್ನೊಬ್ಬರು ಆಗಿಬಿಡುತ್ತಾರೆ. ಜೊತೆಗೆ ಹೋಗುವ ಮಹಿಳೆಯೇ ಸಹಾಯಕ ಕೋಚ್ ಆಗಿದ್ದರೆ ಈ ಅಂತರ ಉಳಿಯುವುದಿಲ್ಲ.

ಆಟದ ನಿಯಮಗಳೂ ಇದನ್ನೇ ಬೆಂಬಲಿಸುತ್ತವೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ನಿಯಮದಂತೆ ಮುಖ್ಯ ಕೋಚ್ ಮತ್ತು ಪ್ರಥಮ ಸಹಾಯಕ ಕೋಚ್ ಇಬ್ಬರ ಹೆಸರೂ ಸ್ಕೋರ್ ಶೀಟಿನಲ್ಲಿ ದಾಖಲಾಗುತ್ತವೆ. ಟೈಂ ಔಟ್, ಅಂದರೆ ಆಟದ ನಡುವಿನ ಚಿಕ್ಕ ಬಿಡುವು, ಕೇಳುವ ಹಕ್ಕು ಈ ಇಬ್ಬರಿಗೆ ಮಾತ್ರ ಇದೆ. ಆಟ ನಡೆಯುವಾಗ ಇಬ್ಬರಲ್ಲಿ ಒಬ್ಬರು ಮಾತ್ರ ಎದ್ದು ನಿಲ್ಲಬಹುದು. ದುರ್ವರ್ತನೆಗಾಗಿ ಎರಡು ಟೆಕ್ನಿಕಲ್ ಫೌಲ್ ಪಡೆದೋ ಅನಾರೋಗ್ಯದಿಂದಲೋ ಮುಖ್ಯ ಕೋಚ್ ಹೊರಹೋಗಬೇಕಾಗಿ ಬಂದರೆ ಪ್ರಥಮ ಸಹಾಯಕರು ತಂಡ ನಡೆಸುತ್ತಾರೆ. ಆ ಹೆಸರೇ ಇಲ್ಲದಿದ್ದರೆ ಅಂಕಣದಲ್ಲಿ ಆಡುತ್ತಿರುವ ನಾಯಕಿಯ ಮೇಲೆ ಆ ಭಾರವೂ ಬೀಳುತ್ತದೆ. ನಮ್ಮ ಅಂತರ ಕಾಲೇಜು ಪಂದ್ಯಗಳಲ್ಲಿ ಆ ಎರಡನೆಯ ಸಾಲನ್ನು ಖಾಲಿ ಬಿಡುವುದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ನಿಯಮ ಕೊಟ್ಟಿರುವ ಜಾಗವನ್ನೇ ನಾವು ಬಳಸುತ್ತಿಲ್ಲ.

ಸಹಾಯಕ ಕೋಚ್ ಪಂದ್ಯದಲ್ಲಿ ಮಾಡುವುದೇನು ಎಂದು ನಿಮ್ಮ ಮಂಡಳಿಯಲ್ಲಿ ಯಾರಾದರೂ ಕೇಳಬಹುದು. ಒಂದು ಟೈಂ ಔಟನ್ನು ನೋಡಿದರೆ ಸಾಕು. ಮೊದಲರ್ಧದಲ್ಲಿ ಎರಡು, ದ್ವಿತೀಯಾರ್ಧದಲ್ಲಿ ಮೂರು ಟೈಂ ಔಟ್ ಸಿಗುತ್ತವೆ, ಪ್ರತಿಯೊಂದೂ ಒಂದೇ ನಿಮಿಷದ್ದು. ಆಟಗಾರ್ತಿಯರು ಏದುಸಿರು ಬಿಡುತ್ತ ಬೆಂಚಿಗೆ ಬಂದು ನೀರು ಕುಡಿಯುವಷ್ಟರಲ್ಲಿ ಕಾಲು ನಿಮಿಷ ಕಳೆದಿರುತ್ತದೆ. ಆ ಕಾಲು ನಿಮಿಷದಲ್ಲಿ ಇಬ್ಬರೂ ಕೋಚ್‌ಗಳು ಎರಡು ಹೆಜ್ಜೆ ದೂರ ನಿಂತು ಮಾತು ಮುಗಿಸಿಕೊಳ್ಳಬೇಕು. ಸಹಾಯಕಿ ತನ್ನ ನೋಟ್‌ಬುಕ್ಕನ್ನು ನೋಡಿ, “ಅವರ ಟೀಮ್ ಫೌಲ್ ನಾಲ್ಕ ಆಗ್ಯಾವ ಸರ್, ಹೊರಗಿಂದ ಹೊಡಿಯೂದು ಬ್ಯಾಡ, ಒಳಗ ನುಗ್ಗಲಿ” ಎನ್ನುತ್ತಾಳೆ. ಒಂದು ಕ್ವಾರ್ಟರಿನಲ್ಲಿ ನಾಲ್ಕು ತಂಡ ಫೌಲ್ ಆದ ಮೇಲೆ ಎದುರಾಳಿ ಮಾಡುವ ಮುಂದಿನ ರಕ್ಷಣಾ ಫೌಲಿಗೆ ಎರಡು ಫ್ರೀ ಥ್ರೋ (ಯಾರೂ ತಡೆಯದಂತೆ ಬುಟ್ಟಿಗೆ ಎಸೆಯುವ ಅವಕಾಶ) ಸಿಗುತ್ತವೆ, ಆದ್ದರಿಂದ ಮೂರು ಅಂಕ ಸಿಗುವ 6.75 ಮೀಟರ್ ಗೆರೆಯ ಆಚೆಯಿಂದ ಅದೃಷ್ಟ ಪರೀಕ್ಷೆ ಮಾಡುವುದಕ್ಕಿಂತ ಬುಟ್ಟಿಯ ಕಡೆಗೆ ಚೆಂಡನ್ನು ಒಯ್ಯುವುದು ಲಾಭ. ನಮ್ಮ ಯಾವ ಹುಡುಗಿಗೆ ನಾಲ್ಕು ವೈಯಕ್ತಿಕ ಫೌಲ್ ಆಗಿವೆ, ಅಂದರೆ ಇನ್ನೊಂದಾದರೆ ಯಾರು ಹೊರಗೆ, ಎದುರಾಳಿ ಗಾರ್ಡ್ ಎಡಗೈಯಿಂದ ಡ್ರಿಬಲ್ ಮಾಡಲು ಅಂಜುತ್ತಾಳೆಯೆ ಎಂಬುದನ್ನೆಲ್ಲ ಆ ನೋಟ್‌ಬುಕ್ಕೇ ಹೇಳಬೇಕು. ಮುಖ್ಯ ಕೋಚ್ ಆಟಗಾರ್ತಿಯರ ಮುಂದೆ ಒಂದೇ ಸೂಚನೆ ಕೊಡುತ್ತಾರೆ, ಹೆಚ್ಚೆಂದರೆ ಎರಡು. ಒಬ್ಬರೇ ಇದ್ದಾಗ ಎಣಿಸುವುದು, ಯೋಚಿಸುವುದು, ಸಮಾಧಾನ ಹೇಳುವುದು, ರೆಫರಿಯ ತೀರ್ಪನ್ನು ಗಮನಿಸುವುದು ಎಲ್ಲವೂ ಒಂದೇ ತಲೆಯ ಮೇಲೆ ಬಿದ್ದು, ಆ ನಿಮಿಷ ಬರೀ ಕೂಗಾಟದಲ್ಲಿ ಮುಗಿದುಹೋಗುತ್ತದೆ.

ಮುಖ್ಯ ಕೋಚ್ ಮಹಿಳೆಯೇ ಆಗಿರಬೇಕೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಸಮರ್ಥ ಮಹಿಳೆ ಸಿಕ್ಕರೆ ಅವರನ್ನೇ ನೇಮಿಸಿ, ಸಿಗದಿದ್ದರೆ ಸಮರ್ಥ ಪುರುಷರನ್ನು ನೇಮಿಸಲು ಹಿಂಜರಿಯಬೇಡಿ, ಆದರೆ ಇಬ್ಬರೂ ಪುರುಷರಾಗಕೂಡದು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮಹಿಳಾ ತಂಡವನ್ನು 1985ರಿಂದ ನಡೆಸುತ್ತಿರುವ ಜೀನೊ ಔರಿಯೆಮ್ಮಾ ಪುರುಷರು. 2025ರವರೆಗೆ ಹನ್ನೆರಡು ರಾಷ್ಟ್ರೀಯ ಪ್ರಶಸ್ತಿಗಳನ್ನು ಆ ತಂಡ ಅವರ ಮಾರ್ಗದರ್ಶನದಲ್ಲಿ ಗೆದ್ದಿದೆ. ಅವರ ಜೊತೆಗೆ ಮೊದಲ ವರ್ಷದಿಂದಲೂ ಕ್ರಿಸ್ ಡೇಲಿ ಎಂಬ ಮಹಿಳೆ ಇದ್ದಾರೆ. ತಂಡದ ಶಿಸ್ತು, ನಡವಳಿಕೆ, ಆಟಗಾರ್ತಿಯರ ದಿನನಿತ್ಯದ ಕಷ್ಟಸುಖಗಳಲ್ಲಿ ಅವರ ಮಾತಿಗೆ ತೂಕವಿದೆ, ಔರಿಯೆಮ್ಮಾ ಗೈರುಹಾಜರಾದಾಗ ಪಂದ್ಯ ನಡೆಸುವವರೂ ಅವರೇ. ಇಂಥ ಜೋಡಿ ನಿಮ್ಮಲ್ಲಿಯೂ ಸಾಧ್ಯ.

ಆದರೂ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ ‘ಟೈಟಲ್ ನೈನ್’ ಕಾನೂನು ಅಮೆರಿಕದಲ್ಲಿ 1972ರಲ್ಲಿ ಬಂದಾಗ ಅಲ್ಲಿನ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಮಹಿಳೆಯರಿದ್ದರು. ಕಾನೂನಿನಿಂದಾಗಿ ಮಹಿಳಾ ಕ್ರೀಡೆಗೆ ಹಣ ಬಂತು, ಕೋಚ್ ಹುದ್ದೆಗೆ ಸಂಬಳ ಬಂತು, ಪುರುಷರೂ ಆ ಹುದ್ದೆಗಳಿಗೆ ಬಂದರು. ಎಲ್ಲ ಆಟಗಳನ್ನೂ ಸೇರಿಸಿ ನೋಡಿದರೆ ಕಾಲಕ್ರಮದಲ್ಲಿ ಮಹಿಳಾ ಕೋಚ್‌ಗಳ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಆಡುವ ಹುಡುಗಿಯರ ಸಂಖ್ಯೆ ಹೆಚ್ಚಿದಾಗಲೇ ಕಲಿಸುವ ಮಹಿಳೆಯರ ಪ್ರಮಾಣ ಕುಸಿದ ಈ ಇತಿಹಾಸವನ್ನು ನಿಮ್ಮ ಮಂಡಳಿಯ ಗಮನಕ್ಕೆ ತನ್ನಿ. ಬಿಟ್ಟಿಯಾಗಿ ದುಡಿಯುವಾಗ ಮಹಿಳೆ, ಗೌರವಧನ ಬಂದ ಕೂಡಲೇ ಪುರುಷ ಎಂಬಂತೆ ನಿಮ್ಮಲ್ಲಿ ಆಗಬಾರದು.

‘ನಮ್ಮ ಕಡೆ ಅಂಥ ಮಹಿಳೆಯರು ಎಲ್ಲಿದ್ದಾರೆ?’ ಎಂಬ ಮಾತು ಖಂಡಿತ ಬರುತ್ತದೆ. ಇದ್ದಾರೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ 2003ರಿಂದ ನಡೆಯುತ್ತಿದೆ. ಅಲ್ಲಿ ದೈಹಿಕ ಶಿಕ್ಷಣ ಓದಿದವರು, ವಿಶ್ವವಿದ್ಯಾಲಯದ ತಂಡಕ್ಕೆ ಆಡಿ ‘ಬ್ಲೂ’ ಎಂಬ ಕ್ರೀಡಾ ಗೌರವ ಪಡೆದವರು ಈ ಭಾಗದ ಊರೂರುಗಳಲ್ಲಿದ್ದಾರೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಿಗೆ ಆಡಿದವರೂ ಇದ್ದಾರೆ. ಅನೇಕರು ಮದುವೆಯಾಗಿ ಇಂಡಿ, ಸಿಂದಗಿ, ಜಮಖಂಡಿ, ಮುಧೋಳದಂಥ ಊರುಗಳಲ್ಲಿ ನೆಲೆಸಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಲೋ ಮನೆ ನಡೆಸುತ್ತಲೋ ಇರುತ್ತಾರೆ. ಅವರನ್ನು ಯಾರೂ ಕೇಳಿಲ್ಲ ಎಂಬುದಷ್ಟೇ ಕೊರತೆ. ನಿಮ್ಮ ನಿರ್ದೇಶಕರ ಬಳಿ ಹಳೆಯ ತಂಡಗಳ ಪಟ್ಟಿ ಇರುತ್ತದೆ, ಅಲ್ಲಿಂದ ಆರಂಭಿಸಿ. ಚಿಕ್ಕ ಮಗುವಿದ್ದರೆ ಮಗುವನ್ನೂ ಅದನ್ನು ನೋಡಿಕೊಳ್ಳುವವರೊಬ್ಬರನ್ನೂ ಪ್ರವಾಸಕ್ಕೆ ಕರೆತರಲು ಒಪ್ಪಿಗೆ ಕೊಡಿ. ಆಟದ ಅನುಭವವಿದ್ದು ಕಲಿಸಿದ ಅನುಭವ ಇಲ್ಲದಿದ್ದರೆ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ನಡೆಸುವ ಆರು ವಾರಗಳ ಪ್ರಮಾಣಪತ್ರ ಕೋರ್ಸಿಗೆ ನಿಮ್ಮ ದಾನಿಯ ಹಣದಲ್ಲಿಯೇ ಒಮ್ಮೆ ಕಳಿಸಿ. ಆ ವೆಚ್ಚದ ಫಲ ನಿಮ್ಮ ಕಾಲೇಜಿನಲ್ಲಿ ಬಹುಕಾಲ ಉಳಿಯುತ್ತದೆ.

ಅಭ್ಯರ್ಥಿಗಳನ್ನು ಆರಿಸುವಾಗ ಪ್ರಮಾಣಪತ್ರಗಳನ್ನು ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಪ್ರತಿಯೊಬ್ಬರಿಗೂ ನಿಮ್ಮ ಹುಡುಗಿಯರ ಜೊತೆ ಮುಕ್ಕಾಲು ಗಂಟೆ ಅಭ್ಯಾಸ ನಡೆಸಲು ಹೇಳಿ, ನೀವು ಬದಿಯಲ್ಲಿ ಕುಳಿತು ನೋಡಿ. ಹದಿಮೂರು ಮಂದಿ ಸಾಲಿನಲ್ಲಿ ನಿಂತು ಒಬ್ಬಳು ಬುಟ್ಟಿಯ ಬಳಿಗೆ ಓಡಿ ಲೇ-ಅಪ್ ಹೊಡೆಯುತ್ತಿದ್ದರೆ ಆ ಕೋಚ್‌ಗೆ ಅಭ್ಯಾಸವನ್ನು ಯೋಜಿಸಲು ಬರುವುದಿಲ್ಲ ಎಂದರ್ಥ. ತಪ್ಪು ಮಾಡಿದವಳಿಗೆ ತಪ್ಪನ್ನು ಹೆಸರಿಸಿ ಹೇಳುತ್ತಾರೆಯೆ, ಬರೀ ಗದರುತ್ತಾರೆಯೆ ಎಂಬುದನ್ನು ಗಮನಿಸಿ. ಪುರುಷ ಅಭ್ಯರ್ಥಿಯಾದರೆ, ರಕ್ಷಣೆಯ ಭಂಗಿಯನ್ನು ತಿದ್ದುವಾಗ ಮುಟ್ಟದೆ, ತಾವೇ ಮಾಡಿ ತೋರಿಸಿ ಅಥವಾ ಇನ್ನೊಬ್ಬ ಆಟಗಾರ್ತಿಯಿಂದ ಮಾಡಿಸಿ ತೋರಿಸುತ್ತಾರೆಯೆ ಎಂದು ನೋಡಿ. ಇನ್ನು, ನಿಮ್ಮಲ್ಲಿ ಯಾವ ಅಳತೆಯ ಚೆಂಡಿದೆ ಎಂದು ಅವರಾಗಿಯೇ ವಿಚಾರಿಸಿದರೆ ಅದು ಒಳ್ಳೆಯ ಲಕ್ಷಣ. ಮಹಿಳೆಯರ ಆಟಕ್ಕೆ ಆರನೆಯ ಅಳತೆಯ ಚೆಂಡು ನಿಗದಿಯಾಗಿದೆ. ಪುರುಷರ ಏಳನೆಯ ಅಳತೆಯ ಚೆಂಡಿಗಿಂತ ಅದು ಸುತ್ತಳತೆಯಲ್ಲಿ ಸುಮಾರು ಒಂದು ಇಂಚು ಚಿಕ್ಕದು, ತೂಕದಲ್ಲಿಯೂ ಹಗುರ. ಎಷ್ಟೋ ಕಾಲೇಜುಗಳಲ್ಲಿ ಹುಡುಗಿಯರು ಸಿಕ್ಕ ಚೆಂಡಿನಲ್ಲಿ ವರ್ಷವಿಡೀ ಅಭ್ಯಾಸ ಮಾಡಿ ಪಂದ್ಯದ ದಿನ ಮೊದಲ ಬಾರಿಗೆ ಸರಿಯಾದ ಅಳತೆಯದನ್ನು ಹಿಡಿಯುತ್ತಾರೆ, ಅವರ ಶಾಟ್‌ಗಳೆಲ್ಲ ಬುಟ್ಟಿ ದಾಟಿ ಹೋಗುತ್ತವೆ.

ಶರೀರದ ಆರೈಕೆಗೆ ಮೂರನೆಯ ಸಂಬಳದ ಹುದ್ದೆ ಬೇಡ. ಆದರೆ ಅದು ಯಾರ ಹೊಣೆ ಎಂಬುದು ನಿಗದಿಯಾಗಿರಬೇಕು, ಅದನ್ನು ಸಹಾಯಕ ಕೋಚ್‌ಗೆ ವಹಿಸಿ. ಮೊಣಕಾಲಿನೊಳಗಿನ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಬಾಸ್ಕೆಟ್‌ಬಾಲ್ ಆಡುವ ಪುರುಷರಿಗಿಂತ ಮಹಿಳೆಯರಲ್ಲಿ ಹಲವು ಪಟ್ಟು ಹೆಚ್ಚು. ಇದು ಬಹುತೇಕ ಸಂದರ್ಭಗಳಲ್ಲಿ ಯಾರೂ ಡಿಕ್ಕಿ ಹೊಡೆಯದೆ, ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ (ರಿಬೌಂಡಿಗೆ) ಹಾರಿ ಇಳಿಯುವಾಗ ಅಥವಾ ಓಡುತ್ತ ಥಟ್ಟನೆ ದಿಕ್ಕು ಬದಲಿಸುವಾಗ ಆಗುತ್ತದೆ. ಶಸ್ತ್ರಚಿಕಿತ್ಸೆಯಾದರೆ ಮತ್ತೆ ಅಂಕಣಕ್ಕಿಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಮೂರು ವರ್ಷದ ಪದವಿಯಲ್ಲಿ ಒಂದು ಇಡೀ ಋತು ಕೈತಪ್ಪಿತೆಂದೇ ಲೆಕ್ಕ. ಈ ಗಾಯದ ಅಪಾಯವನ್ನು ಗುರುತಿಸಲು ನೆರವಾಗುವ ಸರಳ ಪರೀಕ್ಷೆಯೊಂದನ್ನು ಸಹಾಯಕ ಕೋಚ್ ಮೊದಲ ವಾರವೇ ಮಾಡಬಹುದು. ಸುಮಾರು 30 ಸೆಂಟಿಮೀಟರ್ ಎತ್ತರದ ಮೆಟ್ಟಿಲಿನಿಂದ ಪ್ರತಿ ಹುಡುಗಿಯೂ ಎರಡೂ ಕಾಲಿನ ಮೇಲೆ ನೆಲಕ್ಕೆ ಹಾರಿ, ಕೂಡಲೇ ಮೇಲಕ್ಕೆ ಪುಟಿಯಬೇಕು. ಎದುರಿನಿಂದ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಬೇಕು. ಇಳಿದ ಕ್ಷಣದಲ್ಲಿ ಮೊಣಕಾಲುಗಳು ಬೆರಳುಗಳ ನೇರಕ್ಕಿದ್ದು ಬಾಗಿದರೆ ಸರಿ. ಎರಡೂ ಒಳಮುಖವಾಗಿ ವಾಲಿ ಒಂದನ್ನೊಂದು ಸಮೀಪಿಸಿದರೆ, ಅಥವಾ ಕಾಲು ಬಾಗದೆ ಸೆಟೆದು ನಿಂತರೆ, ಆ ಹುಡುಗಿಗೆ ಇಳಿಯುವುದನ್ನೇ ಮೊದಲು ಕಲಿಸಬೇಕು. ಅಭ್ಯಾಸದ ಮೊದಲ ಹದಿನೈದು ನಿಮಿಷವನ್ನು ಅಂಕಣದ ಸುತ್ತ ಓಡಿಸುವುದರಲ್ಲಿ ಕಳೆಯುವ ಬದಲು ಒಂಟಿಕಾಲಿನ ಸಮತೋಲ, ತೊಡೆಯ ಹಿಂಭಾಗ ಮತ್ತು ಸೊಂಟದ ಬಲ, ಮೃದುವಾಗಿ ಇಳಿಯುವ ಜಿಗಿತಗಳಿಗೆ ಮೀಸಲಿಟ್ಟರೆ ಇಂಥ ಗಾಯಗಳು ಗಣನೀಯವಾಗಿ ಕಡಿಮೆಯಾಗುತ್ತವೆ ಎಂಬುದು ಅಧ್ಯಯನಗಳಿಂದ ಸ್ಥಿರಪಟ್ಟಿದೆ. ನಮ್ಮ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಸಿಮೆಂಟಿನ ಅಂಕಣಗಳಲ್ಲಿ ಬಿರುಕು ಏಳುತ್ತವೆ. ಪ್ರತಿ ಮಳೆಗಾಲದ ನಂತರ ಅಂಕಣವನ್ನು ಬರಿಗಾಲಿನಲ್ಲಿ ನಡೆದು ಪರೀಕ್ಷಿಸುವುದೂ ಈ ಹೊಣೆಯಲ್ಲಿ ಸೇರಲಿ.

ರಕ್ತಹೀನತೆಯನ್ನು ಇನ್ನೂ ಗಂಭೀರವಾಗಿ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಅಂದರೆ ನಿಮ್ಮ ತಂಡದಲ್ಲಿಯೂ ಕೆಲವರಿಗೆ ಇರುವ ಸಾಧ್ಯತೆಯೇ ಹೆಚ್ಚು. ಮೂರನೆಯ ಕ್ವಾರ್ಟರಿನಲ್ಲಿ ಹುಡುಗಿ ನಿಧಾನವಾದರೆ ‘ದಮ್ ಇಲ್ಲ, ಇನ್ನಷ್ಟು ಓಡಿಸಿ’ ಎನ್ನುವ ಕೋಚ್‌ಗಳನ್ನು ನಾನು ಕಂಡಿದ್ದೇನೆ. ಅವಳಿಗೆ ಬೇಕಾದದ್ದು ಓಟವಲ್ಲ, ರಕ್ತ ಪರೀಕ್ಷೆ. ಋತುವಿನ ಆರಂಭದಲ್ಲಿಯೂ ನಡುವಿನಲ್ಲಿಯೂ ಹಿಮೋಗ್ಲೋಬಿನ್ ನೋಡಿಸಿ. ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರ ಸಲಹೆ ಪಡೆಯಿರಿ. ಊಟದ ಜೊತೆಗೇ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರೊಟ್ಟಿ, ಕಾಳುಪಲ್ಯದ ಮೇಲೆ ಲಿಂಬೆ ಹಿಂಡಿಕೊಂಡರೆ ಹೆಚ್ಚಾಗುತ್ತದೆ. ಮೂರು ತಿಂಗಳು ಮುಟ್ಟು ನಿಂತರೆ ಅದು ಕಠಿಣ ಅಭ್ಯಾಸದ ಸಹಜ ಫಲವಲ್ಲ. ವ್ಯಾಯಾಮಕ್ಕೆ ತಕ್ಕಷ್ಟು ಆಹಾರ ಸಿಗುತ್ತಿಲ್ಲವೆಂಬ ಸೂಚನೆಯಾಗಿರಬಹುದು, ಎಲುಬಿಗೂ ಹಾನಿಯಾಗುತ್ತದೆ. ಈ ಮಾತುಗಳನ್ನೆಲ್ಲ ಹುಡುಗಿಯರು ಯಾರ ಬಳಿ ಆಡುತ್ತಾರೆ ಎಂದು ಯೋಚಿಸಿದರೆ, ಸಹಾಯಕ ಕೋಚ್ ಮಹಿಳೆಯಾಗಿರಬೇಕೆಂಬ ನನ್ನ ಒತ್ತಾಯದ ಕಾರಣ ನಿಮಗೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಚಿಕಿತ್ಸೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ. ಪ್ರಾಂಶುಪಾಲರಿಂದ ಒಂದು ಪತ್ರ ಬರೆಸಿ, ತಂಡದ ತಪಾಸಣೆಗೆ ವರ್ಷಕ್ಕೆ ಎರಡು ದಿನ ಗೊತ್ತುಮಾಡಿಕೊಳ್ಳಿ.

ಪಾಲಕರ ಹಿಂಜರಿಕೆಗೆ ಭಾಷಣದಿಂದ ಪ್ರಯೋಜನವಿಲ್ಲ. ಅವರು ಕೇಳುವುದು ನಾಲ್ಕೇ ಮಾತು: ಯಾರು ಜೊತೆಗೆ ಹೋಗುತ್ತಾರೆ, ಎಲ್ಲಿ ಉಳಿಯುತ್ತಾರೆ, ಯಾವಾಗ ಮರಳುತ್ತಾರೆ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು. ಇವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಇಬ್ಬರು ಕೋಚ್‌ಗಳ ಮತ್ತು ಪ್ರಾಂಶುಪಾಲರ ಮೊಬೈಲ್ ಸಂಖ್ಯೆ ಸಹಿತ, ಪ್ರಯಾಣಕ್ಕೆ ಒಂದು ವಾರ ಮೊದಲೇ ಪ್ರತಿ ಮನೆಗೆ ತಲುಪಿಸಿ. ಋತುವಿನ ಮೊದಲು ಒಂದು ಭಾನುವಾರ ಪಾಲಕರನ್ನು ಅಂಕಣಕ್ಕೆ ಕರೆದು ಅಭ್ಯಾಸವನ್ನು ತೋರಿಸಿ. ಸಹಾಯಕ ಕೋಚ್ ತಾಯಂದಿರ ಜೊತೆ ಪ್ರತ್ಯೇಕವಾಗಿ ಮಾತಾಡಲಿ. ‘ನಿಮ್ಮ ಮಗಳ ಪಕ್ಕದ ಕೋಣೆಯಲ್ಲಿ ನಾನೇ ಇರುತ್ತೇನೆ, ಅಂಕಣದಲ್ಲಿಯೂ ನಾನೇ ಇರುತ್ತೇನೆ’ ಎಂದು ಆಟ ಬಲ್ಲ ಮಹಿಳೆಯೊಬ್ಬಳು ಹೇಳಿದಾಗ, ಬೇಡವೆಂದು ಕುಳಿತ ತಂದೆಯೂ ಒಪ್ಪಿದ್ದನ್ನು ನಾನು ನೋಡಿದ್ದೇನೆ.

ಇದರ ಜೊತೆಗೆ ಕಾನೂನಿನ ಏರ್ಪಾಡೂ ಇರಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯ ನಡೆಯುವ ಸ್ಥಳಗಳನ್ನೂ ಒಳಗೊಂಡಿದೆ, ಯು.ಜಿ.ಸಿ.ಯ 2015ರ ನಿಯಮಾವಳಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿನಿಯರಿಗೂ ಆ ರಕ್ಷಣೆಯನ್ನು ಕೊಟ್ಟಿದೆ. ನಿಮ್ಮ ಕಾಲೇಜಿನ ಆಂತರಿಕ ದೂರು ಸಮಿತಿಯ ಸದಸ್ಯರ ಹೆಸರು, ದೂರವಾಣಿ ಸಂಖ್ಯೆಗಳು ಸೂಚನಾ ಫಲಕದಲ್ಲಷ್ಟೇ ಇದ್ದರೆ ಸಾಲದು, ಆ ಪ್ರಯಾಣದ ಹಾಳೆಯಲ್ಲಿಯೂ ಇರಲಿ. ದೂರು ಕೋಚ್‌ಗಳ ಮೇಲೆಯೇ ಇದ್ದರೆ ಕೋಚ್‌ಗಳನ್ನು ದಾಟಿ ಹೋಗುವ ದಾರಿ ಹುಡುಗಿಯರಿಗೆ ಗೊತ್ತಿರಬೇಕು. ಆಟಗಾರ್ತಿಯೊಬ್ಬಳೇ ಯಾವ ಕೋಚ್‌ನ ಕೋಣೆಗೂ ಹೋಗಕೂಡದು, ಕೋಚ್‌ಗಳು ರಾತ್ರಿ ವೈಯಕ್ತಿಕ ಸಂದೇಶ ಕಳಿಸಕೂಡದು, ತಂಡದ ವಾಟ್ಸಾಪ್ ಗುಂಪಿನಲ್ಲಿಯೇ ಮಾತಾಡಬೇಕು ಎಂಬ ನಿಯಮ ಮಹಿಳಾ ಕೋಚ್‌ಗೂ ಅನ್ವಯಿಸಲಿ.

ಹಣದ ವಿಷಯ ಚಿಕ್ಕದು. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಗಿರುವುದರಿಂದ ರಾಜ್ಯದೊಳಗಿನ ಪಂದ್ಯಗಳಿಗೆ ತಂಡದ ಪ್ರಯಾಣ ವೆಚ್ಚ ಬಹಳ ಇಳಿಯುತ್ತದೆ. ಉಳಿದದ್ದನ್ನು ಆಹಾರಕ್ಕೂ ರಕ್ತ ಪರೀಕ್ಷೆಗೂ ಬಳಸಿ. ಇಬ್ಬರು ಕೋಚ್‌ಗಳ ಗೌರವಧನದಲ್ಲಿ ದೊಡ್ಡ ಅಂತರವಿಡಬೇಡಿ. ನೇಮಕಾತಿ ಆದೇಶದಲ್ಲಿ ‘ಲೇಡಿ ಮ್ಯಾನೇಜರ್’ ಎಂದು ಬರೆಯದೆ ‘ಸಹಾಯಕ ಕೋಚ್’ ಎಂದೇ ಬರೆಯಿರಿ. ಗಾಯ ಅಥವಾ ಅನಾರೋಗ್ಯದ ಕಾರಣಕ್ಕೆ ಆಟಗಾರ್ತಿಯನ್ನು ಆಟದಿಂದ ಹಿಂದೆ ಕರೆಯುವ ನಿರ್ಧಾರ ಅವರದೇ, ಮುಖ್ಯ ಕೋಚ್ ಅದನ್ನು ಮೀರುವಂತಿಲ್ಲ ಎಂಬ ಒಂದು ವಾಕ್ಯವನ್ನೂ ಸೇರಿಸಿ. ದಾನಿಯ ಎರಡು ವರ್ಷ ಮುಗಿದ ಮೇಲೆ ಹುದ್ದೆ ಬಿದ್ದುಹೋಗದಂತೆ ಮೂರನೆಯ ವರ್ಷದ ಗೌರವಧನವನ್ನು ಕಾಲೇಜಿನ ಕ್ರೀಡಾ ನಿಧಿಯಲ್ಲಿ ಈಗಲೇ ತೋರಿಸಿ. ಮುಂದಿನ ಅಂತರ ಕಾಲೇಜು ಪಂದ್ಯಾವಳಿಯ ಪ್ರವೇಶ ಪತ್ರ ತುಂಬುವಾಗ ಸಹಾಯಕ ಕೋಚ್ ಹೆಸರು ಮುಖ್ಯ ಕೋಚ್ ಹೆಸರಿನ ಕೆಳಗಿನ ಸಾಲಿನಲ್ಲಿರುವಂತೆ ನಿಮ್ಮ ನಿರ್ದೇಶಕರಿಗೆ ತಿಳಿಸಿ.